ಗಿರಾಕಿಯ ಕಣ್ಣು ತಕ್ಕಡಿ ಮೇಲೆ

ನಮ್ಮ ಕಡೆ ಸಂತೆಯಲ್ಲಿ ಸೇರಿನಿಂದ ಕಾಳು ಅಳೆಯೋರು "ಒಂದು" ಅಂತ ಶುರು ಮಾಡಲ್ಲ. ಮೊದಲನೇ ಸೇರು ಚೀಲಕ್ಕೆ ಬೀಳೋವಾಗ "ಲಾಭ" ಅಂತಾರೆ. ಆಮೇಲೆ ಎರಡು, ಮೂರು. ಅಳತೆ ಮುಗಿದ ಮೇಲೆ ಒಂದು ಹಿಡಿ ಕಾಳು ಮೇಲೆ ಹಾಕ್ತಾರೆ, ಅದಕ್ಕೆ "ಕೊಸರು" ಅಂತ ಹೆಸರು. ಅಂದ್ರೆ ವ್ಯಾಪಾರ ಶುರುವಾಗೋದು ಮಾರೋನ ಲಾಭದಿಂದ, ಮುಗಿಯೋದು ಕೊಳ್ಳೋನ ಲಾಭದಿಂದ. ಬೆಂಗಳೂರಿನ ಆಫೀಸುಗಳಲ್ಲಿ ‘ಕಸ್ಟಮರ್ ಡಿಲೈಟ್’ ಅಂತ ಎರಡು ದಿನ ವರ್ಕ್‌ಶಾಪ್ ಮಾಡಿ ಕಲಿಸೋದನ್ನ ನಮ್ಮ ಕಾಳಿನ ಅಂಗಡಿಯವರು ಒಂದು ಹಿಡಿಯಲ್ಲಿ ಮುಗಿಸ್ತಿದ್ರು.

‘ಗಿರಾಕಿ’ ಅನ್ನೋ ಪದಾನೇ ನೋಡಿ. ಅದು ‘ಗ್ರಾಹಕ’ದಿಂದ ಬಂದದ್ದು. ಗ್ರಾಹಕ ಅಂದ್ರೆ ತಗೊಳ್ಳೋನು, ಹಿಡ್ಕೊಳ್ಳೋನು. ಅದೇ ಬೇರಿನಿಂದ ಬಂದದ್ದು ‘ಗ್ರಹಿಸು’ ಅನ್ನೋ ಮಾತು, ಅಂದ್ರೆ ಅರ್ಥ ಮಾಡ್ಕೊಳ್ಳೋದು. ಗಿರಾಕಿಯನ್ನ ಅರ್ಥ ಮಾಡ್ಕೋಬೇಕು ಅಂತ ನಾವು ಒದ್ದಾಡ್ತಾ ಇರ್ತೀವಿ. ಪದ ಮಾತ್ರ ಅರ್ಥ ಮಾಡ್ಕೊಳ್ಳೋನು ಅವನೇ ಅಂತ ಹೇಳ್ತಿದೆ. ಈ ಬರಹ ಈ ಎರಡು ನೋಟಗಳ ಬಗ್ಗೆ. ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹಡಗಲಿ, ಹರಪನಹಳ್ಳಿ, ಈ ಐದು ತಾಲೂಕುಗಳಲ್ಲಿ ಸಾವಿರ ವರ್ಷದಿಂದ ಮಾರೋರು ಕೊಳ್ಳೋರನ್ನ ಹೇಗೆ ನೋಡಿದ್ರು, ಕೊಳ್ಳೋರು ಮಾರೋರನ್ನ ಹೇಗೆ ನೋಡಿದ್ರು ಅಂತ.

ಹೆಗಲ ಮೇಲೆ ಅಂಗಡಿ

ಹರಪನಹಳ್ಳಿ ಹತ್ತಿರದ ಬಾಗಳಿಗೆ ಹೋಗಿದ್ದೀರಾ? ಅಲ್ಲಿನ ಕಲ್ಲೇಶ್ವರ ದೇವಸ್ಥಾನ 10ನೇ ಶತಮಾನದ್ದು. ರಾಷ್ಟ್ರಕೂಟರ ಕೊನೆಗಾಲ, ಕಲ್ಯಾಣ ಚಾಲುಕ್ಯರ ಶುರುವಾತು. ಒಂದೇ ಊರಲ್ಲಿ ಮೂವತ್ತಕ್ಕೂ ಹೆಚ್ಚು ಹಳಗನ್ನಡ ಶಾಸನಗಳು ಸಿಕ್ಕಿವೆ. ಹಗರಿಬೊಮ್ಮನಹಳ್ಳಿ ತಾಲೂಕಿನ ಕೋಗಳಿ ಆಗ ‘ಕೋಗಳಿ-500’ ಅನ್ನೋ ನಾಡಿನ ಮುಖ್ಯ ಊರು. ಈಗ ಬಸ್ಸಿನ ಕಿಟಕಿಯಿಂದ ನೋಡಿದ್ರೆ ಸಣ್ಣ ಹಳ್ಳಿ ಅನ್ನಿಸೋ ಜಾಗಗಳು ಆಗ ಲೆಕ್ಕ-ಪತ್ರ, ದಾನ-ದತ್ತಿ, ಸುಂಕ ಎಲ್ಲಾ ನಡೀತಿದ್ದ ಊರುಗಳು.

ಆ ಕಾಲದ ಕನ್ನಡನಾಡಿನ ದೊಡ್ಡ ವ್ಯಾಪಾರಿ ಸಂಘ ಅಂದ್ರೆ ‘ಅಯ್ಯಾವೊಳೆ ಐನೂರ್ವರು’, ಅಂದ್ರೆ ಐಹೊಳೆಯ ಐನೂರು ಮಂದಿ. ಹೆಸರು ಐನೂರು ಅಂತ ಇದ್ರೂ ಅವರ ಜಾಲ ದಕ್ಷಿಣ ಭಾರತವೆಲ್ಲಾ ಹರಡಿ ಸಮುದ್ರ ದಾಟಿತ್ತು. ಶಿಕಾರಿಪುರ ತಾಲೂಕಿನ 11ನೇ ಶತಮಾನದ ಶಾಸನವೊಂದು ಅವರು ಮಾರ್ತಿದ್ದ ಸರಕಿನ ಪಟ್ಟಿಯನ್ನೇ ಕೊಡುತ್ತೆ: ಆನೆ, ಕುದುರೆ, ಮುತ್ತು, ವಜ್ರ, ಏಲಕ್ಕಿ, ಲವಂಗ, ಶ್ರೀಗಂಧ, ಕರ್ಪೂರ. ಕತ್ತೆ-ಕೋಣಗಳ ಮೇಲೆ ಹೇರಿಕೊಂಡು ಸಗಟಾಗಿ ಮಾರೋರ ಜೊತೆಗೆ ಹೆಗಲ ಮೇಲೆ ಹೊತ್ತು ತಿರುಗಿ ಮಾರೋರೂ ಅದರಲ್ಲಿ ಬರ್ತಾರೆ. ಸಂಘದ ಹೊಗಳಿಕೆಯಲ್ಲಿ ಬುಟ್ಟಿ ವ್ಯಾಪಾರಿಗೂ ಜಾಗ ಇದೆ ಅನ್ನೋದು ನನಗೆ ಇಷ್ಟವಾದ ವಿಷಯ.

ಈ ವ್ಯಾಪಾರಿಗಳು ಪರವೂರಿಗೆ ಹೋದಾಗ ಏನು ಮಾಡ್ತಿದ್ರು? ಆ ಊರಿನ ದೇವಸ್ಥಾನಕ್ಕೆ, ಕೆರೆಗೆ, ಛತ್ರಕ್ಕೆ ದತ್ತಿ ಬಿಡ್ತಿದ್ರು. ಹೇರಿಗೆ ಇಷ್ಟು ವೀಳ್ಯದೆಲೆ, ಗಾಣಕ್ಕೆ ಇಷ್ಟು ಎಣ್ಣೆ ಅಂತ ತಮ್ಮ ಮೇಲೆ ತಾವೇ ಕಟ್ಟಳೆ ಹಾಕಿಕೊಂಡು ಕಲ್ಲಿನ ಮೇಲೆ ಕೆತ್ತಿಸ್ತಿದ್ರು. ಭಕ್ತಿ ಇತ್ತು, ಇಲ್ಲ ಅನ್ನಲ್ಲ. ಆದರೆ ವ್ಯಾಪಾರದ ಕಣ್ಣಿಂದ ನೋಡಿ: ಹೊರಗಿಂದ ಬಂದೋನು ನಾಳೆ ಮೋಸ ಮಾಡಿ ಓಡಿಹೋಗಬಹುದು ಅನ್ನೋ ಭಯ ಊರಿನವರಿಗೆ ಇದ್ದೇ ಇರುತ್ತೆ. ಕಲ್ಲಿನ ಮೇಲೆ ಹೆಸರು ಕೆತ್ತಿಸಿದ ಸಂಘ ಅಷ್ಟು ಸುಲಭವಾಗಿ ಓಡಿಹೋಗಲ್ಲ. "ಶೆಟ್ಟಿ ಬಿಟ್ಟಲ್ಲೇ ಪಟ್ಟಣ" ಅನ್ನೋ ಗಾದೆ ಇದೆಯಲ್ಲ, ಅದು ಸುಮ್ಮನೆ ಹುಟ್ಟಿದ್ದಲ್ಲ. ಶೆಟ್ಟಿ ಹೋದಲ್ಲೆಲ್ಲಾ ಊರಿನವನಾಗೋಕೆ ಖರ್ಚು ಮಾಡ್ತಿದ್ದ.

ಮಾರು, ಮೊಳ, ಮಲ್ಲಿಗೆ

ಹಡಗಲಿಗೆ ‘ಹೂವಿನ ಹಡಗಲಿ’ ಅಂತಾನೇ ಹೆಸರು. ವಿಜಯನಗರದ ಕಾಲದಲ್ಲಿ ಇಲ್ಲಿಂದ ಹಂಪಿಯ ದೇವರಿಗೆ ಹೂವು ಹೋಗ್ತಿತ್ತು ಅಂತ ನಮ್ಮ ಕಡೆ ಎಲ್ಲರೂ ಹೇಳ್ತಾರೆ. ಹಡಗಲಿ ಮಲ್ಲಿಗೆಗೆ ಈಗ ಮೈಸೂರು ಮಲ್ಲಿಗೆ, ಉಡುಪಿ ಮಲ್ಲಿಗೆಗಳ ಸಾಲಿನಲ್ಲಿ ಜಿಐ ಟ್ಯಾಗ್ ಕೂಡ ಇದೆ. 1443ರಲ್ಲಿ ವಿಜಯನಗರಕ್ಕೆ ಬಂದ ಪರ್ಷಿಯಾದ ರಾಯಭಾರಿ ಅಬ್ದುಲ್ ರಜಾಕ್ ಗುಲಾಬಿ ಮಾರೋರನ್ನ ಎಲ್ಲೆಲ್ಲೂ ಕಂಡು ಬೆರಗಾಗಿ ಬರೆದಿದ್ದಾನೆ. ಈ ಜನಕ್ಕೆ ಊಟದಷ್ಟೇ ಹೂವೂ ಬೇಕು ಅನ್ನೋದು ಅವನ ಮಾತಿನ ಸಾರ. 1520ರ ಸುಮಾರಿಗೆ ಬಂದ ಪೋರ್ಚುಗೀಸ್ ಪ್ರವಾಸಿ ಡೊಮಿಂಗೊ ಪಾಯೆಸ್ ವಜ್ರ-ಮಾಣಿಕ್ಯದ ಬೀದಿಯಲ್ಲೇ ಪ್ರತಿ ಸಂಜೆ ನಿಂಬೆ, ಕಿತ್ತಳೆ, ದ್ರಾಕ್ಷಿ, ಸೌದೆ ಮಾರೋ ಸಂತೆ ನಡೀತಿತ್ತು ಅಂತಾನೆ.

ಹೂವಿನ ವ್ಯಾಪಾರದಷ್ಟು ಕಷ್ಟದ ವ್ಯಾಪಾರ ಇನ್ನೊಂದಿಲ್ಲ. ಮೊಗ್ಗು ಬೆಳಗಿನ ಜಾವ ಬಿಡಿಸಬೇಕು, ಸಂಜೆಗೆ ಅರಳುತ್ತೆ, ನಾಳೆಗೆ ಬೆಲೆ ಇಲ್ಲ. ಸ್ಟಾಕ್ ಇಟ್ಕೊಳ್ಳೋ ಹಾಗಿಲ್ಲ. ಹಾಗಾಗಿ ಹೂವು ಮಾರೋ ಹೆಂಗಸಿಗೆ ಪಂಚಾಂಗ ಬಾಯಿಪಾಠ. ಯಾವತ್ತು ಮದುವೆ ಲಗ್ನ, ಯಾವತ್ತು ಅಮಾವಾಸ್ಯೆ, ಯಾವ ಬೀದಿಯಲ್ಲಿ ಯಾರ ಮನೆಯಲ್ಲಿ ಸೀಮಂತ, ಎಲ್ಲಾ ಗೊತ್ತಿರಬೇಕು. ನಾವು ‘ಡಿಮ್ಯಾಂಡ್ ಫೋರ್‌ಕಾಸ್ಟ್’ ಮಾಡೋಕೆ ಮಾಡೆಲ್ ಬರೀತೀವಿ, ಆಕೆ ಕಟ್ಟೆ ಮೇಲೆ ಕೂತು ಹೂವು ಕಟ್ತಾ ಕಟ್ತಾ ಕೇಳಿ ತಿಳ್ಕೊಳ್ತಾಳೆ.

ಅಳತೆ ನೋಡಿ: ಮೊಳ, ಮಾರು. ಎರಡೂ ಮಾರೋಳ ಕೈಯಿನ ಅಳತೆ. ಕನ್ನಡದಲ್ಲಿ ‘ಮಾರು’ ಅಂದ್ರೆ ಎರಡು ತೋಳು ಚಾಚಿದಷ್ಟು ಉದ್ದ, ಮಾರಾಟ ಮಾಡು ಅಂತಾನೂ ಅರ್ಥ. ಕೈ ಗಿಡ್ಡ ಇದ್ರೆ ಮೊಳ ಗಿಡ್ಡ, ಅದು ಎಲ್ಲರಿಗೂ ಗೊತ್ತು. ಅದಕ್ಕೇ ಮೊಳ ಹಾಕಿದ ಮೇಲೆ ನಾಲ್ಕು ಬೆರಳು ಜಾಸ್ತಿ ಬಿಟ್ಟು ಕತ್ತರಿಸ್ತಾಳೆ. ಕೊಡೋಳ ಕೈಯೇ ಅಳತೆಗೋಲಾದಾಗ ಗಿರಾಕಿ ನೋಡೋದು ಕೈಯನ್ನಲ್ಲ, ಆ ನಾಲ್ಕು ಬೆರಳನ್ನ.

ಜಾತ್ರೆಯ ಕ್ಯಾಲೆಂಡರು

ಕೊಟ್ಟೂರೇಶ್ವರನ ತೇರು ಮಾಘ ಮಾಸದಲ್ಲಿ. ದಾವಣಗೆರೆ ಕಡೆಯಿಂದ, ಹರಪನಹಳ್ಳಿ ಕಡೆಯಿಂದ ಸಾವಿರಾರು ಜನ ನಡ್ಕೊಂಡು ಬರ್ತಾರೆ. ಹಡಗಲಿ ತಾಲೂಕಿನ ಮೈಲಾರದ ಜಾತ್ರೆಯೂ ಭರತ ಹುಣ್ಣಿಮೆಗೆ, ಅದೇ ಮಾಘದಲ್ಲಿ. ಯಾಕೆ ಆ ಹೊತ್ತಿಗೆ ಜಾತ್ರೆಗಳ ಸಾಲು ಅಂತ ರೈತರ ಮನೆಯಲ್ಲಿ ಬೆಳೆದ ಯಾರನ್ನಾದ್ರೂ ಕೇಳಿ. ಜೋಳ ಕೊಯ್ದಾಗಿರುತ್ತೆ, ಹತ್ತಿ ಬಿಡಿಸಿರ್ತಾರೆ, ಶೇಂಗಾ ಮಾರಿರ್ತಾರೆ. ಕೈಯಲ್ಲಿ ನಾಲ್ಕು ಕಾಸು ಇರೋ ತಿಂಗಳು ಅದು. ದೇವರ ಕ್ಯಾಲೆಂಡರು, ಗಿರಾಕಿಯ ಜೇಬಿನ ಕ್ಯಾಲೆಂಡರು ಎರಡೂ ಒಂದಕ್ಕೊಂದು ಹೊಂದಿಕೊಂಡಿವೆ. ಬಳೆಗಾರ, ಬೆಂಡು-ಬತ್ತಾಸಿನವ, ಕಂಬಳಿ ಮಾರೋನು, ಎತ್ತಿನ ದಲ್ಲಾಳಿ ಎಲ್ಲರೂ ಈ ಕ್ಯಾಲೆಂಡರಿನ ಹಿಂದೆ ಊರಿಂದ ಊರಿಗೆ ತಿರುಗ್ತಿದ್ರು. ಮೈಲಾರದ ಗೊರವಯ್ಯ ಬಿಲ್ಲು ಹತ್ತಿ ನುಡಿಯೋ ಒಂದು ಸಾಲಿನ ಕಾರ್ಣಿಕವನ್ನ ಮಳೆ ಬೆಳೆಗೆ ಹೊಂದಿಸಿ ಅರ್ಥ ಹಚ್ಚೋರಲ್ಲಿ ವ್ಯಾಪಾರಿಗಳೂ ಇರ್ತಾರೆ.

ತಿರುಗಾಟದ ವ್ಯಾಪಾರದಲ್ಲಿ ಲಂಬಾಣಿಗರನ್ನ ಮೀರಿಸಿದವರಿಲ್ಲ. ನಮ್ಮ ಐದೂ ತಾಲೂಕಿನಲ್ಲಿ ತಾಂಡಾಗಳಿವೆ. ಇವತ್ತು ತಾಂಡಾ ಅಂದ ತಕ್ಷಣ ಗುಳೆ ಹೋಗೋದು, ಕಬ್ಬು ಕಡಿಯೋದು ಅಂತ ನೆನಪಾಗುತ್ತೆ. ಆದರೆ ಇವರ ಹಿರಿಯರು ಸಾವಿರಾರು ಎತ್ತುಗಳ ಮೇಲೆ ಉಪ್ಪು, ಧಾನ್ಯ ಹೇರಿಕೊಂಡು ಕರಾವಳಿಗೂ ಒಳನಾಡಿಗೂ ನಂಟು ಕಟ್ಟಿದ ಸಾಗಾಣಿಕೆದಾರರು. 1791-92ರಲ್ಲಿ ಶ್ರೀರಂಗಪಟ್ಟಣದ ಮೇಲೆ ದಂಡೆತ್ತಿ ಬಂದ ಕಾರ್ನ್‌ವಾಲಿಸ್‌ನ ಸೈನ್ಯಕ್ಕೆ ಕಾಳು ಒದಗಿಸಿದ್ದು ಇದೇ ಬಂಜಾರರ ಎತ್ತುಗಳು. ಎಲ್ಲಿ ಏನು ಕಮ್ಮಿ ಇದೆ, ಎಲ್ಲಿ ಏನು ಹೆಚ್ಚಿದೆ ಅಂತ ತಿಳ್ಕೊಂಡು ನಡೆಯೋದೇ ಅವರ ವಿದ್ಯೆ.

ಆಮೇಲೆ ರಸ್ತೆ ಬಂತು, ರೈಲು ಬಂತು. ಎತ್ತಿನ ಹೇರಿಗೆ ಕೆಲಸ ಇಲ್ಲದ ಹಾಗಾಯ್ತು. 1871ರ ‘ಕ್ರಿಮಿನಲ್ ಟ್ರೈಬ್ಸ್’ ಕಾಯ್ದೆಯ ಕೆಳಗೆ ತಿರುಗಾಡೋ ಎಷ್ಟೋ ಸಮುದಾಯಗಳನ್ನ ಹುಟ್ಟಿನಿಂದಲೇ ಅಪರಾಧಿಗಳು ಅಂತ ಪಟ್ಟಿಗೆ ಹಾಕಿದ್ರು, ಬಂಜಾರರ ಕೆಲವು ಗುಂಪುಗಳೂ ಅದಕ್ಕೆ ಸಿಕ್ಕವು. ಆ ಕಾಯ್ದೆ ಹೋಗಿದ್ದು 1952ರಲ್ಲಿ. ಸ್ಟಾರ್ಟಪ್ ಗೆಳೆಯರು ‘ಡಿಸ್ರಪ್ಶನ್’ ಅಂತ ಖುಷಿಯಿಂದ ಹೇಳೋವಾಗ ನನಗೆ ಈ ಎತ್ತುಗಳ ಸಾಲು ನೆನಪಾಗುತ್ತೆ. ಗಿರಾಕಿಯನ್ನ ಎಷ್ಟೇ ಚೆನ್ನಾಗಿ ಅರ್ಥ ಮಾಡ್ಕೊಂಡಿರಿ, ದಾರಿ ಬೇರೆಯವರ ಕೈಗೆ ಹೋದ್ರೆ ನಿಮ್ಮ ವಿದ್ಯೆ ನಿಂತಲ್ಲೇ ನಿಲ್ಲುತ್ತೆ.

ಕಾಳಿತ್ತು, ಕಾಸಿರಲಿಲ್ಲ

1876-78ರ ಬರಕ್ಕೆ ನಮ್ಮ ಹಿರಿಯರು ‘ಧಾತು ಬರ’ ಅಂತಿದ್ರು. ಆಗ ಈ ತಾಲೂಕುಗಳೆಲ್ಲಾ ಮದ್ರಾಸ್ ಪ್ರಾಂತ್ಯದ ಬಳ್ಳಾರಿ ಜಿಲ್ಲೆಯೊಳಗಿದ್ದವು, ಆ ಜಿಲ್ಲೆ ಅತಿ ಹೆಚ್ಚು ನರಳಿದ ಜಿಲ್ಲೆಗಳಲ್ಲೊಂದು. ಮದ್ರಾಸಿನ ಗವರ್ನರ್ ಬಕಿಂಗ್‌ಹ್ಯಾಂ ಸರ್ಕಾರದಿಂದಲೇ ಕಾಳು ಖರೀದಿ ಮಾಡಿಸಿದಾಗ ವೈಸರಾಯ್ ಲಿಟ್ಟನ್ ಕಡೆಯಿಂದ ಬೈಸಿಕೊಂಡ, ಖಾಸಗಿ ವ್ಯಾಪಾರಕ್ಕೆ ಅಡ್ಡ ಬರಬಾರದು ಅಂತ. ಮಾರುಕಟ್ಟೆ ತಾನೇ ಕಾಳನ್ನ ಬೇಕಾದಲ್ಲಿಗೆ ತಲುಪಿಸುತ್ತೆ ಅನ್ನೋದು ಅವರ ನಂಬಿಕೆ. ಬೆಲೆ ಏರ್ತಾ ಹೋಯ್ತು. ಕೂಲಿ ಇಲ್ಲದವನ ಕೈಯಲ್ಲಿ ಕಾಸಿಲ್ಲ, ಕಾಸಿಲ್ಲದವನು ಮಾರುಕಟ್ಟೆಯ ಲೆಕ್ಕದಲ್ಲಿ ಗಿರಾಕಿಯೇ ಅಲ್ಲ. ಹಸಿವು ‘ಡಿಮ್ಯಾಂಡ್’ ಆಗಬೇಕಾದ್ರೆ ಜೇಬಿನಲ್ಲಿ ದುಡ್ಡಿರಬೇಕು. ಈ ಒಂದು ಸಾಲಿನ ಅರ್ಥಶಾಸ್ತ್ರಕ್ಕೆ ನಮ್ಮ ಜಿಲ್ಲೆ ತೆತ್ತ ಬೆಲೆ ಊರಿಗೆ ಊರೇ ಖಾಲಿಯಾಗೋವಷ್ಟು.

ಬರದ ನಂತರ ಕೂತ 1880ರ ಬರ ಆಯೋಗ ಬರಪೀಡಿತ ಪ್ರದೇಶಗಳಿಗೆ ರೈಲು ಬೇಕು ಅಂತ ಶಿಫಾರಸು ಮಾಡ್ತು. 1882ರಲ್ಲಿ ಸದರ್ನ್ ಮರಾಠಾ ರೈಲ್ವೆ ಕಂಪನಿ ಹುಟ್ಟಿತು. 1905ರಲ್ಲಿ ಹೊಸಪೇಟೆಯಿಂದ ಕೊಟ್ಟೂರಿಗೆ ಮೀಟರ್‌ಗೇಜ್ ಹಳಿ ಬಂತು. ಹಳಿ ಅಲ್ಲಿಗೇ ಮುಗೀತಿತ್ತು. ಕೊಟ್ಟೂರು ಬಹಳ ಕಾಲ ರೈಲಿನ ಕೊನೇ ಊರು. ಅದನ್ನ ಮುಂದೆ ಹರಿಹರಕ್ಕೆ ಜೋಡಿಸಿ, ಹೊಸಪೇಟೆ–ಹರಿಹರ ಪ್ಯಾಸೆಂಜರ್ ರೈಲು ಓಡಿದ್ದು 2019ರಲ್ಲಿ. ಕೊನೇ ಊರಾಗಿದ್ದು ವ್ಯಾಪಾರಕ್ಕೆ ಒಳ್ಳೆಯದೇ ಆಯ್ತು. ಸುತ್ತಲಿನ ಬಂಡಿಗಳೆಲ್ಲಾ ಅಲ್ಲಿಗೇ ಬರಬೇಕು, ಸರಕು ಅಲ್ಲೇ ಇಳೀಬೇಕು, ಅಲ್ಲೇ ಏರಬೇಕು. ಅಂಗಡಿ, ದಲ್ಲಾಳಿ ಮಂಡಿ, ಗೋದಾಮು ಎಲ್ಲಕ್ಕೂ ಕೆಲಸ.

ಟವೆಲ್ಲಿನ ಕೆಳಗೆ

ಎತ್ತಿನ ಜಾತ್ರೆಯಲ್ಲಿ ದಲ್ಲಾಳಿಗಳು ವ್ಯಾಪಾರ ಮಾಡೋದು ನೋಡಿದ್ರೆ ಮರೆಯೋ ಹಾಗಿಲ್ಲ. ಇಬ್ಬರೂ ಕೈ ಕೊಡ್ತಾರೆ, ಮೇಲೆ ಒಂದು ಟವೆಲ್. ಕೆಳಗೆ ಬೆರಳುಗಳು ಬೆಲೆ ಮಾತಾಡ್ತವೆ. ಬಾಯಲ್ಲಿ ಒಂದು ಮಾತಿಲ್ಲ. ಇದರಲ್ಲಿ ಒಂದು ಸೂಕ್ಷ್ಮ ಇದೆ: ಕೊಳ್ಳೋನು ಎಷ್ಟು ಕಮ್ಮಿ ಕೇಳಿದ, ಮಾರೋನು ಎಷ್ಟಕ್ಕೆ ಇಳಿದ ಅಂತ ಸುತ್ತ ನಿಂತೋರಿಗೆ ಗೊತ್ತಾಗಲ್ಲ. ವ್ಯಾಪಾರ ಕುದುರದಿದ್ರೂ ಇಬ್ಬರ ಮಾನ ಉಳಿಯುತ್ತೆ.

ಆದರೆ ಅದೇ ಟವೆಲ್ ಮಂಡಿಗೆ ಬಂದಾಗ ಕಥೆ ಬೇರೆ. 1928ರಲ್ಲಿ ವರದಿ ಕೊಟ್ಟ ಕೃಷಿ ಕುರಿತ ರಾಯಲ್ ಕಮಿಷನ್, ಲಿನ್‌ಲಿತ್‌ಗೋ ಅಧ್ಯಕ್ಷತೆಯದ್ದು, ರೈತ ಮಾರುಕಟ್ಟೆಯಲ್ಲಿ ಹೇಗೆ ಸುಲಿಗೆಯಾಗ್ತಾನೆ ಅಂತ ವಿವರವಾಗಿ ಬರೆದಿದೆ. ತಕ್ಕಡಿಯಲ್ಲಿ ಕೈವಾಡ, ಧರ್ಮಾದಾಯ ಅಂತ ಕಡಿತ, ಸ್ಯಾಂಪಲ್ ಅಂತ ಹಿಡಿ ಹಿಡಿ ಮಾಲು ತಗೊಳ್ಳೋದು. ಜೊತೆಗೆ ಬಟ್ಟೆಯ ಕೆಳಗೆ ನಡೆಯೋ ಗುಟ್ಟಿನ ಚೌಕಾಸಿ. ಇಲ್ಲಿ ಬೆರಳು ಹಿಡಿಯೋನು ರೈತನ ದಲ್ಲಾಳಿ, ಆದರೆ ಅವನ ಒಲವು ದಿನಾ ಬರೋ ಖರೀದಿದಾರನ ಕಡೆ. ರೈತ ವರ್ಷಕ್ಕೊಮ್ಮೆ ಬರೋನು, ಪಕ್ಕದಲ್ಲೇ ನಿಂತಿದ್ರೂ ತನ್ನ ಮಾಲಿನ ಬೆಲೆ ತನಗೇ ಗೊತ್ತಿಲ್ಲ.

ಕೊಳ್ಳೋವಾಗ ಗೋಪುರದ ಸೇರು, ಮಾರೋವಾಗ ಕಡ್ಡಿ ಎಳೆದ ಸೇರು ಅಂತ ನಮ್ಮಜ್ಜ ಹೇಳೋರು. ಸೇರು ಒಂದೇ, ಅಳೆಯೋ ರೀತಿ ಎರಡು. ಗಿರಾಕಿಯನ್ನ ಬಲ್ಲವನು ಅವನ ಅವಸರವನ್ನೂ ಬಲ್ಲ. ಬಂಡಿ ಬಾಡಿಗೆ ಏರ್ತಿದೆ, ಸಂಜೆಯೊಳಗೆ ಊರು ಸೇರಬೇಕು, ಸಾಲದ ಕಂತು ಇದೆ ಅಂತ ಗೊತ್ತಿದ್ದೋನು ಮಧ್ಯಾಹ್ನದವರೆಗೆ ಸುಮ್ಮನೆ ಕೂತಿದ್ರೆ ಸಾಕು.

ಇದಕ್ಕೆ ಉತ್ತರವಾಗಿ ಬಂದವು ಕಾಯ್ದೆಗಳು. 1933ರಲ್ಲಿ ಮದ್ರಾಸ್ ಕಮರ್ಷಿಯಲ್ ಕ್ರಾಪ್ಸ್ ಮಾರ್ಕೆಟ್ಸ್ ಆಕ್ಟ್ ಬಂತು. 1953ರ ಅಕ್ಟೋಬರ್ 1ಕ್ಕೆ ಬಳ್ಳಾರಿ ಮೈಸೂರು ರಾಜ್ಯಕ್ಕೆ ಸೇರ್ತು. 1957ರಲ್ಲಿ ಆಣೆ ಹೋಗಿ ನಯಾ ಪೈಸೆ, 1958ರಿಂದ ಸೇರು-ಮಣ ಹೋಗಿ ಕಿಲೋ-ಲೀಟರ್. 1966ರಲ್ಲಿ ರಾಜ್ಯದ ಎಪಿಎಂಸಿ ಕಾಯ್ದೆ, ಬಹಿರಂಗ ಹರಾಜು. ಟವೆಲ್ ತೆಗೀರಿ, ಬೆಲೆ ಎಲ್ಲರಿಗೂ ಕೇಳೋ ಹಾಗೆ ಕೂಗಿ, ತಕ್ಕಡಿ ಎಲ್ಲರಿಗೂ ಕಾಣೋ ಹಾಗೆ ಇಡಿ ಅನ್ನೋದೇ ಇದರ ತಿರುಳು. ಎಲ್ಲಾ ಸರಿಹೋಯ್ತು ಅಂತಲ್ಲ. ಆದರೆ ನಂಬಿಕೆ ಅನ್ನೋದು ಶೆಟ್ಟರ ಒಳ್ಳೆತನಕ್ಕೆ ಬಿಟ್ಟ ವಿಷಯ ಆಗಿದ್ದದ್ದು ರೈತ ಕೇಳಿ ಪಡೆಯೋ ಹಕ್ಕಾಯ್ತು.

ಅಂಗಡಿಯ ಮೆಟ್ಟಿಲು

ಹಳೇ ಸಂತೆಯನ್ನ ಹೊಗಳೋವಾಗ ನಾವು ಮರೆಯೋ ಒಂದು ಸಂಗತಿ ಇದೆ. ಕೊಸರು ಎಲ್ಲರಿಗೂ ಸಿಗ್ತಿರಲಿಲ್ಲ. ದಲಿತ ಗಿರಾಕಿ ಅಂಗಡಿಯ ಮೆಟ್ಟಿಲು ಹತ್ತೋ ಹಾಗಿರಲಿಲ್ಲ. ದೂರ ನಿಲ್ಲಬೇಕು, ಕಾಸು ಕೆಳಗಿಡಬೇಕು, ಸರಕು ಮೇಲಿಂದ ಬೀಳುತ್ತೆ. ಕಾಳಲ್ಲಿ ಹುಳ ಇದೆ ಅಂತ ಮುಟ್ಟಿ ನೋಡೋ ಹಾಗಿಲ್ಲ, ಮುಟ್ಟಿದ್ರೆ ಅಷ್ಟೂ ಕೊಂಡ್ಕೋಬೇಕು. ಮಾರೋ ವಿದ್ಯೆಯ ಎಲ್ಲಾ ನಯ-ನಾಜೂಕು ಅವರ ಮುಂದೆ ಬಾಗಿಲು ಹಾಕ್ಕೊಳ್ತಿತ್ತು. ದುಡ್ಡು ಬೇಕು, ದುಡ್ಡು ತಂದ ಮನುಷ್ಯ ಬೇಡ.

ಅದಕ್ಕೇ ನಮ್ಮ ಸಂವಿಧಾನದ 15ನೇ ವಿಧಿಯಲ್ಲಿ ಅಂಗಡಿ ಅನ್ನೋ ಪದ ನೇರವಾಗಿ ಬರುತ್ತೆ. ಜಾತಿ, ಧರ್ಮದ ಕಾರಣಕ್ಕೆ ಯಾರನ್ನೂ ಅಂಗಡಿ, ಹೋಟೆಲುಗಳಿಂದ ತಡೆಯೋ ಹಾಗಿಲ್ಲ. 1948ರ ನವೆಂಬರಿನಲ್ಲಿ ಸಂವಿಧಾನ ಸಭೆಯಲ್ಲಿ ಇದರ ಚರ್ಚೆ ನಡೆದಾಗ ಅಂಬೇಡ್ಕರ್, ಅಂಗಡಿ ಅಂದ್ರೆ ಬರೀ ಸರಕು ಮಾರೋ ಜಾಗ ಅಲ್ಲ, ಕ್ಷೌರದವರು, ಅಗಸರು ಹೀಗೆ ಸೇವೆ ಕೊಡೋರೆಲ್ಲಾ ಅದರಲ್ಲಿ ಬರ್ತಾರೆ ಅಂತ ಸ್ಪಷ್ಟ ಮಾಡಿದ್ರು. ಗಿರಾಕಿ ಆಗೋದೂ ಒಂದು ಹಕ್ಕು ಅಂತ ಬರೆದಿಡಬೇಕಾದ ದೇಶ ನಮ್ಮದು. ನಮ್ಮ ಕಡೆ ಕೆಲವು ಹೋಟೆಲು, ಕಟಿಂಗ್ ಶಾಪುಗಳ ವಿಷಯದಲ್ಲಿ ಆ ಸಾಲು ಇವತ್ತಿಗೂ ಹಳೇದಾಗಿಲ್ಲ.

ಉದ್ರಿ ಪುಸ್ತಕ ಯಾರ ಕೈಯಲ್ಲಿ?

ಈಗ ಇವತ್ತಿನ ಮಾತು. ನನ್ನ ಜೊತೆ ಬಿಇ ಓದಿದ ಗೆಳೆಯನೊಬ್ಬ ಕೆಲಸ ಬಿಟ್ಟು ಕೂಡ್ಲಿಗಿ ಕಡೆ ಶೇಂಗಾ ಎಣ್ಣೆಯ ಗಾಣ ಹಾಕಿದಾನೆ. ಮೊದಲು ಬಾಟಲಿ ಮೇಲೆ ‘ಶೇಂಗಾ ಎಣ್ಣೆ’ ಅಂತ ಬರೆಸಿದ್ದ. ಬೆಂಗಳೂರಿನಲ್ಲಿ ಅದನ್ನ ‘ಕಡ್ಲೆಕಾಯಿ ಎಣ್ಣೆ’ ಅಂತಾರೆ. ಲೇಬಲ್ ಬದಲಾದ ಮೇಲೆ ಅಪಾರ್ಟ್‌ಮೆಂಟಿನ ಅಜ್ಜಿಯರು ನಿಂತು ಕೇಳೋಕೆ ಶುರು ಮಾಡಿದ್ರಂತೆ. ಆಮೇಲೆ ಗಾಣ ಸುತ್ತೋ ವಿಡಿಯೋ ಕಳಿಸಿದ, ಹಿಂಡಿ ಬೇಕಾ ಅಂತ ಕೇಳಿದ, ಬಾಟಲಿ ತುಂಬಿದ ದಿನಾಂಕ ಕೈಯಲ್ಲೇ ಬರೆದ. ಗಿರಾಕಿ ಮಾತಾಡೋ ಪದ ತಿಳ್ಕೊಳ್ಳೋದು, ತಕ್ಕಡಿ ಎದುರಿಗೆ ಇಡೋದು, ಕೊಸರು ಹಾಕೋದು. ಸೇಲ್ಸ್ ಟ್ರೈನಿಂಗ್ ಅಂತ ಬೇರೆ ಏನೂ ಬೇಕಾಗಲಿಲ್ಲ.

ನಮ್ಮೂರುಗಳಲ್ಲಿ ಗಿರಾಕಿಯ ಬಗ್ಗೆ ಎಲ್ಲಕ್ಕಿಂತ ಹೆಚ್ಚು ತಿಳಿದದ್ದು ಉದ್ರಿ ಪುಸ್ತಕಕ್ಕೆ. ದೀಪಾವಳಿಗೆ ಪೂಜೆ ಮಾಡಿ ತೆರೆಯೋ ಕೆಂಪು ಬಟ್ಟೆಯ ಖಾತೆ. ಯಾರ ಮನೆಯಲ್ಲಿ ಹೆರಿಗೆ, ಯಾರ ಬೋರು ಬತ್ತಿತು, ಯಾರ ಮಗ ದುಡ್ಡು ಕಳಿಸ್ತಿಲ್ಲ, ಎಲ್ಲಾ ಅದರ ಸಾಲುಗಳಲ್ಲಿ ಓದಬಹುದು. ಸುಗ್ಗಿಯವರೆಗೆ ಕಾಯೋ ಅಂಗಡಿ ಎಷ್ಟೋ ಮನೆಗಳ ಒಲೆ ಉರಿಸಿದೆ. ಅದೇ ಪುಸ್ತಕ ಎಷ್ಟೋ ಹೊಲಗಳನ್ನ ನುಂಗಿದೆ, ಮಕ್ಕಳನ್ನ ಜೀತಕ್ಕಿಟ್ಟಿದೆ. 1976ರಲ್ಲಿ ಕೇಂದ್ರದ ಜೀತ ನಿರ್ಮೂಲನಾ ಕಾಯ್ದೆ, ಅದೇ ವರ್ಷ ಅರಸು ಸರ್ಕಾರದ ಋಣಪರಿಹಾರ ಕಾಯ್ದೆ ಬಂದದ್ದು ಆ ಪುಸ್ತಕದ ಇನ್ನೊಂದು ಮುಖ ನೋಡಿ. ಇವನಿಗೆ ಸುಗ್ಗಿವರೆಗೆ ಕಷ್ಟ ಅಂತ ತಿಳಿದ ಒಬ್ಬ ಅಂಗಡಿಯವ ಕಾಳು ಕೊಟ್ಟ, ಇನ್ನೊಬ್ಬ ಹೆಬ್ಬೆಟ್ಟು ಒತ್ತಿಸಿಕೊಂಡ. ಇಬ್ಬರಿಗೂ ಗೊತ್ತಿದ್ದ ಸಂಗತಿ ಒಂದೇ.

ನಾನು ಹೊಟ್ಟೆಪಾಡಿಗೆ ಮಾಡೋ ಕೆಲಸವೂ ಒಂಥರಾ ಈ ಪುಸ್ತಕ ಬರೆಯೋದೇ. ಯಾರು ಎಷ್ಟು ಹೊತ್ತಿಗೆ ಏನು ಕೊಳ್ತಾರೆ, ಯಾವಾಗ ಬಿಟ್ಟು ಹೋಗ್ತಾರೆ, ಸಂಬಳದ ದಿನ ಯಾವುದು ಅಂತ ಲೆಕ್ಕ ಹಾಕೋದು. ಹಳೇ ಖಾತೆಯಲ್ಲಿ ಒಂದು ಅನುಕೂಲ ಇತ್ತು. ಗಿರಾಕಿ ಅಂಗಡಿಗೆ ಹೋಗಿ, "ಶೆಟ್ಟರೇ, ನನ್ನ ಪುಟ ತೆಗೀರಿ ನೋಡಾಣ" ಅಂತ ಕೇಳಬಹುದಿತ್ತು. ಓದೋಕೆ ಬರದಿದ್ರೆ ಶಾಲೆಗೆ ಹೋಗೋ ಮಗನನ್ನ ಕರ್ಕೊಂಡು ಹೋಗಿ ಓದಿಸಬಹುದಿತ್ತು. ಜಗಳ ಆಡಬಹುದಿತ್ತು. ಇವತ್ತು ನಿಮ್ಮ ಪುಟ ಯಾವ ಸರ್ವರಿನಲ್ಲಿದೆ, ಅದರಲ್ಲಿ ಏನು ಬರೆದಿದೆ ಅಂತ ಯಾವ ಕಟ್ಟೆಗೆ ಹೋಗಿ ಕೇಳ್ತೀರಿ?

ಸಣ್ಣ ವ್ಯಾಪಾರ ಮಾಡೋರು, ಮಾಡಬೇಕು ಅಂತಿರೋರು ಇದನ್ನ ಓದ್ತಿದ್ರೆ ನನಗೆ ಹೇಳೋಕಿರೋದು ಇಷ್ಟೇ. ದೊಡ್ಡ ಆಪ್‌ಗಳ ಹತ್ರ ಇರೋಷ್ಟು ಲೆಕ್ಕ ನಿಮ್ಮ ಹತ್ರ ಯಾವತ್ತೂ ಇರಲ್ಲ. ಆದರೆ ಅವರಿಗೆ ಸುಲಭವಾಗಿ ಬರದ ಒಂದು ಕೆಲಸ ನಿಮಗೆ ಬರುತ್ತೆ: ಪುಟ ತೆಗೆದು ಗಿರಾಕಿಯ ಕಡೆ ತಿರುಗಿಸಿ ಇಡೋದು. ಕೊಂಡ ಬೆಲೆ ಇಷ್ಟು, ನನ್ನ ಲಾಭ ಇಷ್ಟು, ತೂಕ ಇಲ್ಲಿದೆ, ನೀವೇ ನೋಡ್ಕೊಳ್ಳಿ ಅನ್ನೋದು. ಅಯ್ಯಾವೊಳೆಯವರು ಕಲ್ಲಿನ ಮೇಲೆ ಕೆತ್ತಿಸಿದ್ದು, ಹೂವಿನಾಕೆ ನಾಲ್ಕು ಬೆರಳು ಬಿಟ್ಟು ಕತ್ತರಿಸಿದ್ದು, ಹರಾಜು ಕಟ್ಟೆಯಲ್ಲಿ ಟವೆಲ್ ತೆಗೆಸಿದ್ದು ಎಲ್ಲಾ ಇದಕ್ಕೇ. ನಮ್ಮ ಕಡೆಯ ಗಿರಾಕಿ ಮಾತು ಕಮ್ಮಿ. ಅಂಗಡಿಗೆ ಬಂದು ಸುಮ್ಮನೆ ನಿಂತು ತಕ್ಕಡಿಯ ಮುಳ್ಳನ್ನೇ ನೋಡ್ತಾ ಇರ್ತಾನೆ. ಅವನಿಗೆ ಚೆನ್ನಾಗಿ ಕಾಣೋ ಹಾಗೆ ಸ್ವಲ್ಪ ಪಕ್ಕಕ್ಕೆ ಸರಿದು ನಿಲ್ಲಿ.